ಹೊಲದಂಚಿನಿಂದ ಗುಡ್ಡದವರೆಗೆ: ಊರವರೂ ಜಮೀನಿನವರೂ ಸೇರಿ ಕಾಡುಜೀವಿಗಳಿಗೆ ನೆಲೆ ಮಾಡಿಕೊಡುವ ಬಗೆ

ನಮ್ಮ ಕಡೆ ಕಾಡುಪ್ರಾಣಿಗಳಿಗಾಗಿ ಏನಾದರೂ ಮಾಡೋಣ ಅಂತ ನಾಲ್ಕು ಜನ ಕೂತರೆ ಮೊದಲು ಬರುವ ಮಾತು 'ಗಿಡ ನೆಡೋಣ'. ಮನಸ್ಸು ಒಳ್ಳೆಯದೇ. ಆದರೆ ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಸೀಮೆಯ ಬಹಳಷ್ಟು ಪ್ರಾಣಿ ಪಕ್ಷಿಗಳಿಗೆ ದಟ್ಟ ಮರದ ನೆರಳು ಬೇಕಾಗಿಲ್ಲ. ಕೃಷ್ಣಮೃಗಕ್ಕೆ ಕಣ್ಣು ಹಾಯುವಷ್ಟು ದೂರ ಬಯಲು ಬೇಕು. ಕೊಂಡುಕುರಿಗೆ (ನಾಲ್ಕು ಕೊಂಬಿನ, ಜಿಂಕೆಯಂಥ ಸಣ್ಣ ಪ್ರಾಣಿ) ಹುಲ್ಲು, ನಡುನಡುವೆ ಪೊದೆ, ಹತ್ತಿರದಲ್ಲೇ ನೀರು ಬೇಕು. ತೋಳ ಮರಿ ಹಾಕುವುದು ಹಳ್ಳದ ದಂಡೆಯಲ್ಲಿ, ಬಂಡೆ ಸಂದಿನಲ್ಲಿ. ಗೌಜಲು, ಬುರ್ಲಿ, ನೆಲಗುಬ್ಬಿ ಮೊಟ್ಟೆ ಇಡುವುದು ನೆಲದ ಮೇಲೆ, ಹುಲ್ಲಿನ ಬುಡದಲ್ಲಿ. ಕರಡಿಗೆ ಗುಡ್ಡ, ಗೆದ್ದಲು, ಬಾರೆ ಹಣ್ಣು, ಕವಳೆ ಹಣ್ಣು. ಅಂದರೆ ಇಲ್ಲಿ ಉಳಿಸಬೇಕಾದ್ದು ಮೊದಲು ಹುಲ್ಲು, ಆಮೇಲೆ ಪೊದೆ, ಕೊನೆಗೆ ಮರ. ಈ ಕ್ರಮ ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಪ್ರಾಣಿ ಬರುವುದಿಲ್ಲ.

ಇನ್ನೊಂದು ವಿಷಯ. ಈ ಹುಲ್ಲು ಪೊದೆ ಈಗ ಒಂದೇ ಕಡೆ ಇಲ್ಲ. ಕೊಂಡುಕುರಿಗೆಂದೇ 2011ರಲ್ಲಿ ಘೋಷಿಸಿದ ರಂಗಯ್ಯನದುರ್ಗ ಅಭಯಾರಣ್ಯ ಜಗಳೂರು ತಾಲ್ಲೂಕಿನಲ್ಲಿದೆ. ಅದರ ವಿಸ್ತೀರ್ಣ ಸುಮಾರು 77 ಚದರ ಕಿ.ಮೀ. ಅಷ್ಟೇ. ಸುತ್ತ ಮೆಕ್ಕೆಜೋಳ, ಶೇಂಗಾ, ಹತ್ತಿ ಹೊಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ (ಅಮೃತಮಹಲ್ ದನ ಮೇಯಲು ಬಿಟ್ಟಿದ್ದ ಹುಲ್ಲುಗಾವಲು) ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಉಳಿದಿರುವುದು ಗುಡ್ಡದ ತಪ್ಪಲು, ಗೋಮಾಳದ ಚೂರು, ಹಳ್ಳದ ದಂಡೆ, ಸಾಗುವಳಿಗೆ ಬಾರದ ಖರಾಬು, ಅಗಲವಾದ ಬದು, ಬೀಳು ಬಿಟ್ಟ ಹೊಲ. ಇವುಗಳಿಗೆ ಒಬ್ಬ ಮಾಲೀಕನಿಲ್ಲ. ಒಂದು ಪಂಚಾಯಿತಿಯದು, ಒಂದು ಅರಣ್ಯ ಇಲಾಖೆಯದು, ನಾಲ್ಕು ಖಾಸಗಿಯವು. ಪ್ರಾಣಿಗೆ ಸರ್ವೆ ನಂಬರ್ ಗೊತ್ತಿಲ್ಲ. ಹಾಗಾಗಿ ಗುದ್ದಲಿ ಹಿಡಿಯುವ ಮೊದಲು ಜನ ಒಪ್ಪಬೇಕು. ಈ ಕೆಲಸದ ಅರ್ಧಕ್ಕಿಂತ ಜಾಸ್ತಿ ಭಾಗ ಅದೇ.

ಹಂತ 1: ನಡೆದು ನೋಡಿ, ನಕ್ಷೆ ಮಾಡಿ

ಊರಿನ ಸುತ್ತ ಮೂರು ನಾಲ್ಕು ಕಿಲೋಮೀಟರ್ ಒಳಗಿನ ಜಾಗವನ್ನು ಕಾಲ್ನಡಿಗೆಯಲ್ಲಿ ನೋಡಿ. ಬೈಕಿನಲ್ಲಿ ಹೋದರೆ ಏನೂ ಕಾಣುವುದಿಲ್ಲ. ಬೆಳಗ್ಗೆ ಬೇಗ ಹೊರಡಿ. ಜೊತೆಗೆ ಒಬ್ಬ ಕುರಿಗಾಹಿ ಇರಲೇಬೇಕು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಾದರೆ ದೇವರ ಎತ್ತು ಕಾಯುವ ಕಿಲಾರಿಯವರನ್ನು ಮರ್ಯಾದೆಯಿಂದ ಕರೆಯಿರಿ. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಬೇಸಿಗೆಯಲ್ಲಿ ಯಾವ ಗೋಕಟ್ಟೆ (ದನ ನೀರು ಕುಡಿಯುವ ಸಣ್ಣ ಕಟ್ಟೆ) ಕೊನೆಗೆ ಬತ್ತುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ನೋಡಬೇಕಾದ್ದು ಇಷ್ಟು: ಹಿಕ್ಕೆ, ಹೆಜ್ಜೆ, ಬಿಲ, ಗೂಡು, ನೀರು, ಈಗ ಇರುವ ಹುಲ್ಲಿನ ಜಾತಿ, ಬಳ್ಳಾರಿ ಜಾಲಿ ಎಲ್ಲೆಲ್ಲಿ ಹಬ್ಬಿದೆ. ಕೊಂಡುಕುರಿ ಇರುವ ಜಾಗ ಗುರುತಿಸಲು ಒಂದು ಸುಲಭದ ದಾರಿ ಇದೆ. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಪೊದೆಯ ಪಕ್ಕದಲ್ಲಿ, ಸಣ್ಣ ಬಯಲಿನಲ್ಲಿ ಗುಡ್ಡೆ ಇರುತ್ತದೆ. ಕೆಳಗಿನವು ಬಿಸಿಲಿಗೆ ಬೆಳ್ಳಗಾಗಿ ಪುಡಿಯಾಗಿರುತ್ತವೆ, ಮೇಲಿನವು ಕಪ್ಪಗೆ ಹೊಳೆಯುತ್ತವೆ. ಹಳೆಯದರ ಮೇಲೆ ಹೊಸದು ಬಿದ್ದಿದ್ದರೆ ಆ ಪ್ರಾಣಿ ಆ ಜಾಗ ಬಿಟ್ಟಿಲ್ಲ ಅಂತ ಅರ್ಥ. ಕುರಿ ಮೇಕೆಯ ಹಿಕ್ಕೆ ದಾರಿಯುದ್ದಕ್ಕೂ ಚೆಲ್ಲಿರುತ್ತದೆ, ಹೀಗೆ ಒಂದೆಡೆ ಕೂಡಿರುವುದಿಲ್ಲ. ಇಂಥ ಜಾಗ ಸಿಕ್ಕರೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ, ಗುರುತು ಹಾಕಿಕೊಂಡು ಮುಂದೆ ನಡೆಯಿರಿ.

ಮನೆಗೆ ಬಂದು ಇದನ್ನೆಲ್ಲ ನಕ್ಷೆಗೆ ಇಳಿಸಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದರಿಂದ ಯಾವ ತುಂಡು ಯಾರದು ಅಂತ ಪಟ್ಟಿ ಮಾಡಿ, ಪಹಣಿ ತೆಗೆಸಿ ನೋಡಿ. ಖಾಸಗಿ, ಗೋಮಾಳ, ಖರಾಬು, ಅರಣ್ಯ ಅಂತ ನಾಲ್ಕು ಬಣ್ಣ ಹಾಕಿ. ಬಗರ್ ಹುಕುಂ (ಸರ್ಕಾರಿ ಜಾಗದ ಸಾಗುವಳಿ ಸಕ್ರಮ) ಅರ್ಜಿ ಇರುವ ಜಾಗ, ಕೋರ್ಟಿನಲ್ಲಿರುವ ಜಾಗ, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡುವುದು) ಆಗದೆ ಅಣ್ಣತಮ್ಮಂದಿರು ಮನಸ್ತಾಪದಲ್ಲಿರುವ ಜಾಗ ಇದ್ದರೆ ಈಗ ಅದರ ಗೊಡವೆಗೆ ಹೋಗಬೇಡಿ.

ಈ ನಕ್ಷೆಯಲ್ಲಿ ಹುಡುಕಬೇಕಾದ್ದು ದೊಡ್ಡ ಜಾಗವನ್ನಲ್ಲ, ಜೋಡಣೆಯನ್ನು. ಗುಡ್ಡದಿಂದ ಹಳ್ಳಕ್ಕೆ, ಹಳ್ಳದಿಂದ ಗೋಕಟ್ಟೆಗೆ ಹುಲ್ಲು ಪೊದೆಯ ಒಂದು ಉದ್ದ ಪಟ್ಟಿ ಎಲ್ಲಿ ಕೂಡಿಕೊಳ್ಳುತ್ತದೆ? ನಡುವೆ ಎಷ್ಟು ಜನರ ಹೊಲ ಬರುತ್ತದೆ? ಐದಾರು ಜನರಷ್ಟೇ ಆದರೆ ಅಲ್ಲಿಂದಲೇ ಶುರು ಮಾಡಿ.

ಹಂತ 2: ಮಾತುಕತೆ

ಇಡೀ ಊರನ್ನು ಒಟ್ಟಿಗೆ ಕರೆದು ಮೈಕ್ ಹಿಡಿಯುವ ಮೊದಲು, ಆ ಹುಲ್ಲುಪಟ್ಟಿಯಲ್ಲಿ ಹೊಲ ಇರುವ ಒಬ್ಬೊಬ್ಬ ಜಮೀನಿನವರ ಮನೆಗೂ ಹೋಗಿ. ಹೊಲ ಯಜಮಾನರ ಹೆಸರಲ್ಲಿದ್ದರೂ ಮೇವು, ಸೌದೆ ತರುವುದು ಹೆಣ್ಣುಮಕ್ಕಳು. ಆ ಪೊದೆ ಹೋದರೆ, ಬಂದರೆ, ಅವರ ದಿನದ ಕೆಲಸ ಬದಲಾಗುತ್ತದೆ. ಅಕ್ಕನವರನ್ನೂ ಕೂರಿಸಿಕೊಂಡೇ ಮಾತಾಡಿ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ. "ಹುಲ್ಲು ಬಿಟ್ರೆ ಫಾರೆಸ್ಟ್‌ನೋರು ಬಂದು ಹೊಲ ಕಿತ್ಕೊಳ್ತಾರಾ?" ಈ ಭಯವನ್ನು ಹಗುರ ಮಾಡಬೇಡಿ. ನೇರವಾಗಿ ಉತ್ತರ ಕೊಡಿ. ನಿಮ್ಮ ಪಟ್ಟಾ ಜಮೀನಿನಲ್ಲಿ ಹುಲ್ಲು, ಪೊದೆ ಬೆಳೆಯಲು ಬಿಟ್ಟ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಅಕ್ಕಪಕ್ಕದವರು ಮಾಡಿಕೊಳ್ಳುವ ಒಪ್ಪಂದದಿಂದ ಒಡೆತನ ಎಲ್ಲಿಗೂ ಹೋಗುವುದಿಲ್ಲ. ಅದೇ ಹೊತ್ತಿಗೆ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿ: ಮುಂದೆ ದೊಡ್ಡದಾದ ಮರ ಕಡಿಯಬೇಕಾದರೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಾತಿ ನೋಡಿ ಅನುಮತಿ ಬೇಕಾಗಬಹುದು. ಯಾವ ಮರಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ, ಬರೆಸಿಕೊಂಡು ಬಂದು ತೋರಿಸಿ. ಇಷ್ಟು ಮಾಡಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಎರಡನೆಯ ಪ್ರಶ್ನೆ, "ನನಗೆಷ್ಟು ನಷ್ಟ?" ಇದಕ್ಕೆ ರೈತರ ಲೆಕ್ಕದಲ್ಲೇ ಉತ್ತರ ಇದೆ. ಬದುವಿನ ಗುಂಟ 33 ಅಡಿ ಅಗಲ ಬಿಟ್ಟರೆ ಪ್ರತಿ 33 ಅಡಿ ಉದ್ದಕ್ಕೆ ಒಂದು ಗುಂಟೆ. 40 ಗುಂಟೆ ಆಗಬೇಕಾದರೆ 1,320 ಅಡಿ ಉದ್ದ ಹೋಗಬೇಕು. ಇಷ್ಟು ಜಾಗ ಎಲ್ಲರಿಂದಲೂ ಆಗುವುದಿಲ್ಲ, ಕೇಳುವುದೂ ತಪ್ಪು. ಎರಡು ಎಕರೆಯ ರೈತರಿಂದ ಬದುವನ್ನು ನಾಲ್ಕು ಅಡಿ ಅಗಲ ಮಾಡಿ, ಅದರ ಮೇಲಿನ ಹುಲ್ಲು ಪೊದೆ ಸುಡದೆ ಬಿಡಿ ಅಂತ ಕೇಳಿದರೆ ಸಾಕು. ಕಲ್ಲು ಗರಸಿನ ಮೂಲೆ, ಬಿತ್ತಿದರೂ ಬೀಜದ ಖರ್ಚು ಹುಟ್ಟದ ಜಾಗ ಪ್ರತಿ ಹೊಲದಲ್ಲೂ ಇರುತ್ತದೆ. ಮೊದಲು ಅದನ್ನು ಕೇಳಿ. ಅಗಲವಾದ ಪಟ್ಟಿ ದೊಡ್ಡ ಹಿಡುವಳಿಯವರಿಂದ, ಗೋಮಾಳದಿಂದ ಬರಲಿ.

ಇನ್ನು ಕುರಿಗಾಹಿಗಳು. ಇಂಥ ಕೆಲಸ ಕೆಡುವುದು ಬಹುಪಾಲು ಇಲ್ಲೇ. ಊರಿನ ಜಮೀನಿನವರೆಲ್ಲ ಒಪ್ಪಿ ಬೇಲಿ ಹಾಕುತ್ತಾರೆ, ಕುರಿ ಇರುವವರನ್ನು ಯಾರೂ ಕೇಳಿರುವುದಿಲ್ಲ. ಅವರಿಗೆ ಹೊಲ ಇಲ್ಲ, ಹಾಗಾಗಿ ಸಭೆಗೆ ಕರೆದಿರುವುದಿಲ್ಲ. ಆದರೆ ಆ ಹುಲ್ಲಿನ ಮೇಲೆ ಬದುಕಿರುವುದು ಅವರೇ. ಇದು ನ್ಯಾಯದ ಮಾತು. ಜೊತೆಗೆ, ಮೇಯಿಸುವುದೇ ಇಲ್ಲ ಅಂದರೆ ಹುಲ್ಲುಗಾವಲಿಗೂ ಒಳ್ಳೆಯದಲ್ಲ. ಹುಲ್ಲು ಬಲಿತು ಒಣಗಿ ಬೆಂಕಿಗೆ ದಾರಿಯಾಗುತ್ತದೆ, ಹೊಸ ಚಿಗುರು ಬರುವುದಿಲ್ಲ. ಮೈಸೂರು ಅರಸರ 'ಬೆಣ್ಣೆ ಚಾವಡಿ' (ಅರಮನೆಯ ದನಗಳ ಇಲಾಖೆ) ಕಾಲದಿಂದ ಅಮೃತಮಹಲ್ ದನ ಮೇಯುತ್ತಿದ್ದ ಕಾವಲುಗಳಲ್ಲೇ ಕೃಷ್ಣಮೃಗವೂ ಬದುಕಿತ್ತು, ಅಲ್ವಾ? ಹಾಗಾಗಿ ಕೇಳಬೇಕಾದ್ದು ಒಂದೇ: ಯಾವ ತಿಂಗಳು, ಯಾವ ಭಾಗಕ್ಕೆ ಬಿಡುವು.

ಹಂತ 3: ಒಪ್ಪಂದ ಬರೆಯುವುದು

ಬಾಯಿಮಾತು ಎರಡು ಮಳೆಗಾಲ ನಿಲ್ಲುವುದಿಲ್ಲ. ಎರಡು ಪುಟದ ಕರಾರು ಬರೆಯಿರಿ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ, ಎಷ್ಟು ವರ್ಷಕ್ಕೆ, ಅಲ್ಲಿ ಏನು ಮಾಡಬಾರದು, ಹುಲ್ಲು ಕೊಯ್ಯುವ ಹಕ್ಕು ಯಾರಿಗೆ, ಖರ್ಚು ಯಾರದು, ಮಧ್ಯೆ ಬಿಡಬೇಕಾದರೆ ಎಷ್ಟು ತಿಂಗಳ ಮುಂಚೆ ಹೇಳಬೇಕು, ಇಷ್ಟು ಅದರಲ್ಲಿರಲಿ. ಮೊದಲ ಒಪ್ಪಂದ ಐದು ವರ್ಷಕ್ಕೆ ಸಾಕು. ಹತ್ತಿಪ್ಪತ್ತು ವರ್ಷ ಅಂದರೆ ಜನ ಹಿಂದೆ ಸರಿಯುತ್ತಾರೆ, ಮೂರಕ್ಕಿಂತ ಕಡಿಮೆ ಆದರೆ ಹುಲ್ಲೂ ನೆಲೆ ನಿಲ್ಲುವುದಿಲ್ಲ. ಎಲ್ಲರಿಗೂ ಒಂದೊಂದು ಪ್ರತಿ ಕೊಡಿ.

ಗೋಮಾಳಕ್ಕೆ ಗ್ರಾಮ ಪಂಚಾಯಿತಿಯ ಠರಾವು ಬೇಕು, ತಹಶೀಲ್ದಾರ್ ಕಚೇರಿಗೂ ತಿಳಿಸಿ ಒಪ್ಪಿಗೆ ಪಡೆಯಬೇಕು. ಅರಣ್ಯ ಭೂಮಿಯೊಳಗೆ ಇಲಾಖೆಯ ಅನುಮತಿ ಇಲ್ಲದೆ ಒಂದು ಗುಂಡಿಯನ್ನೂ ತೆಗೆಯುವಂತಿಲ್ಲ. ಊರಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕ ಹೋಗಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಅದು ಕಾಗದದ ಮೇಲಷ್ಟೇ ಇದ್ದರೆ ಎಬ್ಬಿಸಲು ಇದೇ ಸಮಯ. ಹೊಸ ಸಂಘ ಕಟ್ಟುವುದಕ್ಕಿಂತ ಅದು ಸುಲಭ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಸಹಿಯೂ ಸಿಗುತ್ತದೆ.

ಹಂತ 4: ಬಳ್ಳಾರಿ ಜಾಲಿ, ಲಂಟಾನ

ನಮ್ಮ ಗೋಮಾಳ, ಕೆರೆ ಅಂಗಳ, ಹಳ್ಳಗಳನ್ನು ನುಂಗಿರುವುದು ಬಳ್ಳಾರಿ ಜಾಲಿ. ಹೊರದೇಶದಿಂದ ಬಂದ ಈ ಗಿಡದ ಕೆಳಗೆ ಹುಲ್ಲು ಏಳುವುದಿಲ್ಲ. ಆದರೆ ಒಂದೇ ಸಲ ಎಲ್ಲವನ್ನೂ ಬೋಳಿಸಲು ಹೋಗಬೇಡಿ. ಎಷ್ಟೋ ಮನೆಯ ಒಲೆ ಅದರಿಂದಲೇ ಉರಿಯುತ್ತದೆ, ಇದ್ದಿಲು ಸುಡುವವರ ಕೂಲಿಯೂ ಅದರಲ್ಲಿದೆ. ಬೇರೆ ಪೊದೆ ಇಲ್ಲದ ಕಡೆ ನರಿ, ಮೊಲ, ಗೌಜಲು ಅದರೊಳಗೇ ಅಡಗುತ್ತವೆ. ವರ್ಷಕ್ಕೆ ಮೂರನೇ ಒಂದು ಭಾಗ ತೆಗೆಯಿರಿ. ಅಷ್ಟರಲ್ಲಿ ತೆಗೆದ ಕಡೆ ಹುಲ್ಲು, ನಾಟಿ ಪೊದೆ ಎದ್ದಿರುತ್ತದೆ.

ತೆಗೆಯುವ ರೀತಿ ಮುಖ್ಯ. ನೆಲಮಟ್ಟಕ್ಕೆ ಕಡಿದರೆ ಒಂದಿದ್ದ ಕಾಂಡ ಹತ್ತಾಗಿ ಚಿಗುರುತ್ತದೆ. ಕಾಂಡ ಮಣ್ಣಿಗೆ ಇಳಿಯುವಲ್ಲಿ ಬೇರಿಗೆ ಒಂದು ಗಡ್ಡೆಯಂಥ ದಪ್ಪ ಭಾಗ ಇರುತ್ತದೆ. ಚಿಗುರು ಬರುವುದು ಅಲ್ಲಿಂದ. ಸುತ್ತ ಸುಮಾರು ಒಂದು ಅಡಿ ಬಗೆದು, ಆ ದಪ್ಪ ಭಾಗದ ಕೆಳಗೆ ಹಾರೆ ಕೊಟ್ಟು, ಬೇರು ತುಂಡು ಮಾಡಿ ಗಡ್ಡೆಯನ್ನು ಹೊರಗೆ ಹಾಕಬೇಕು. ಆಮೇಲೆ ಗುಂಡಿ ಮುಚ್ಚಿ, ಮೇಲ್ಮಣ್ಣು ಮೇಲೇ ಬರುವ ಹಾಗೆ. ದೊಡ್ಡ ಮರಗಳಿಗೆ ಜೆಸಿಬಿ ಬೇಕಾಗಬಹುದು. ಆದರೆ ಹುಲ್ಲಿರುವ ನೆಲದ ಮೇಲೆ ಜೆಸಿಬಿ ಓಡಾಡಿಸಬೇಡಿ. ಅದು ಕೆದಕಿದ ನೆಲದಲ್ಲಿ ಕಾಂಗ್ರೆಸ್ ಗಿಡ ಮೊದಲು ಏಳುತ್ತದೆ.

ಕಾಯಿ ಹಣ್ಣಾಗಿ ಬೀಳುವ ಮೊದಲೇ ಕೆಲಸ ಮುಗಿಸಿ. ಮೇಕೆ, ಕುರಿ ಆ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಉದುರಿಸುತ್ತವೆ. ಮಳೆ ಬಿದ್ದ ಮೇಲೆ ಗೇಣುದ್ದದ ಹೊಸ ಸಸಿಗಳು ಏಳುತ್ತವೆ. ಮಣ್ಣು ಹಸಿ ಇರುವಾಗ ಅವನ್ನು ಕೈಯಿಂದಲೇ ಕೀಳಬಹುದು. ಈ ಕೀಳುವ ಕೆಲಸ ಕನಿಷ್ಠ ಮೂರು ಮಳೆಗಾಲ ಬಿಡದೆ ನಡೆಯಬೇಕು. ಬಜೆಟ್ ಮಾಡುವಾಗ ಜನ ಇದನ್ನೇ ಮರೆಯುತ್ತಾರೆ, ಮೂರನೇ ವರ್ಷಕ್ಕೆ ಜಾಗ ಮತ್ತೆ ಜಾಲಿಯಾಗುತ್ತದೆ.

ಚಿತ್ರದುರ್ಗದ ಜೋಗಿಮಟ್ಟಿಯಂಥ ಗುಡ್ಡದ ಅಂಚಿನ ಹೊಲಗಳಲ್ಲಿ ಲಂಟಾನದ ಕಾಟ. ಅದಕ್ಕೆ ಇಷ್ಟು ಕಷ್ಟ ಬೇಡ. ತಾಯಿಬೇರನ್ನು ಮಣ್ಣಿನಿಂದ ಎರಡು ಇಂಚು ಕೆಳಗೆ ಕಡಿದು, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟರೆ ಒಣಗುತ್ತದೆ. ಕಾಯಿ ಬಿಡುವ ಮೊದಲು ಮಾಡಿ. ದೊಡ್ಡ ಮರದ ಕೆಳಗೆ ಮುಂದೆಯೂ ಕಣ್ಣಿಟ್ಟಿರಿ, ಹಕ್ಕಿಗಳು ಕೂತು ಬೀಜ ಉದುರಿಸುವುದು ಅಲ್ಲಿಯೇ.

ಕಡಿದ ಮುಳ್ಳನ್ನೆಲ್ಲ ಸುಡಬೇಡಿ. ಸೌದೆಗೆ ಹೋಗಿ ಉಳಿದ ರೆಂಬೆಯನ್ನು ಅಲ್ಲಲ್ಲಿ ರಾಶಿ ಹಾಕಿ. ಕುರಿ ಬಾಯಿ ಹೋಗದ ಆ ಮುಳ್ಳಿನೊಳಗೆ ಕಾರೆ, ಬಾರೆ ಸಸಿ ತಾನಾಗಿ ಏಳುತ್ತದೆ.

ಹಂತ 5: ನೀರು ನಿಲ್ಲಿಸುವುದು

ಇಲ್ಲಿ ವರ್ಷಕ್ಕೆ ಬೀಳುವ ಮಳೆ 500, 600 ಮಿ.ಮೀ. ಆಸುಪಾಸು, ಅದೂ ನಾಲ್ಕಾರು ಜೋರು ಮಳೆಯಲ್ಲಿ. ಇಳಿಜಾರಿಗೆ ಅಡ್ಡ ಕಲ್ಲುಬದು, ಕೊರಕಲಿಗೆ ಸಣ್ಣ ಕಲ್ಲುತಡೆ ಸಾಕು. ಪಂಚಾಯಿತಿಯ ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಇದನ್ನು ಸೇರಿಸಲು ಕೇಳಿ. ಆದರೆ ಒಂದು ಷರತ್ತು ಇರಲಿ: ಹುಲ್ಲುಬಯಲಿನಲ್ಲಿ ಉದ್ದುದ್ದ ಟ್ರೆಂಚ್ ಬೇಡ. ಅದು ಹುಲ್ಲಿನ ಬೇರನ್ನು ಕಿತ್ತು ಹಾಕುತ್ತದೆ, ಜಿಂಕೆ ಓಟಕ್ಕೂ ಅಡ್ಡ.

ಹಂತ 6: ಹುಲ್ಲು

ಮೊದಲ ವರ್ಷ ಏನೂ ಬಿತ್ತಬೇಡಿ. ಒಂದು ಮಳೆಗಾಲ ಸುಮ್ನೆ ಬಿಟ್ಟು ನೋಡಿ. ಮೇಯಿಸುವುದು ನಿಂತ ಕೂಡಲೇ ಎಷ್ಟೋ ಕಡೆ ನೆಲದೊಳಗಿದ್ದ ಬೇರಿನಿಂದಲೇ ಹುಲ್ಲು ಏಳುತ್ತದೆ. ಎದ್ದ ಕಡೆ ಖರ್ಚೇ ಇಲ್ಲ. ಏಳದೆ ಬೋಳಾಗಿ ಉಳಿದ ತೇಪೆಗಳಿಗೆ ಮಾತ್ರ ಬೀಜ ಬೇಕು.

ಬೀಜ ನಿಮ್ಮೂರಿನದೇ ಆಗಿರಲಿ. ಹಿಂಗಾರು ಮಳೆ ಮುಗಿದು ತೆನೆ ಒಣಗುವಾಗ, ದೀಪಾವಳಿ ಕಳೆದ ಮೇಲೆ, ರಸ್ತೆ ಬದಿ, ಹಳೆ ಬದು, ದೇವಸ್ಥಾನದ ಕಾವಲು ಇಂಥ ಕಡೆ ಒಳ್ಳೆ ಹುಲ್ಲು ನಿಂತಿರುತ್ತದೆ. ತೆನೆಯನ್ನು ಬೆರಳ ನಡುವೆ ಹಿಡಿದು ಮೇಲಕ್ಕೆ ಎಳೆಯಿರಿ. ಮಾಗಿದ್ದರೆ ಕೈಗೆ ಬರುತ್ತದೆ, ಇಲ್ಲದಿದ್ದರೆ ಬಿಡಿ. ಒಂದು ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆಯಬೇಡಿ. ಗೋಣಿಚೀಲದಲ್ಲಿ, ನೆರಳಲ್ಲಿ, ಇಲಿ ಬಾರದ ಕಡೆ ಇಡಿ. ಹೊಸ ಬೀಜ ಕೂಡಲೇ ಮೊಳೆಯುವುದು ಕಡಿಮೆ, ಆರೇಳು ತಿಂಗಳು ಕಳೆದ ಬೀಜ ಚೆನ್ನಾಗಿ ಹುಟ್ಟುತ್ತದೆ. ಹೇಗೂ ಮುಂದಿನ ಮಳೆಗಾಲಕ್ಕೆ ಅಷ್ಟು ಸಮಯ ಆಗಿರುತ್ತದೆ.

ಬಿತ್ತುವ ದಿನ ಬೀಜಕ್ಕೆ ಪುಡಿ ಮಾಡಿದ ಸಗಣಿ ಗೊಬ್ಬರ, ಮಣ್ಣು ಬೆರೆಸಿ. ಒಂಟಿ ಬೀಜ ಹಗುರ, ಗಾಳಿಗೆ ಹಾರುತ್ತದೆ. ನೆಲವನ್ನು ಕುಂಟೆಯಿಂದ ಮೇಲೆ ಮೇಲೆ ಗೀರಿ, ಬೀಜ ಚೆಲ್ಲಿ, ಮುಳ್ಳುಕೊಂಬೆ ಎಳೆದುಕೊಂಡು ಹೋಗಿ. ಅಷ್ಟೇ. ಆಳಕ್ಕೆ ಹೋದರೆ ಹುಟ್ಟುವುದಿಲ್ಲ. ಅಂಜನ ಹುಲ್ಲಿನಂಥದಾದರೆ ಎಕರೆಗೆ ಎರಡು, ಎರಡೂವರೆ ಕಿಲೋ ಬೀಜ ಸಾಕು. ಗುರುತು ಹಿಡಿಯುವುದು ಕಷ್ಟವಾದರೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದವರನ್ನು ಕೇಳಿ. ಗಿನಿ ಹುಲ್ಲು, ನೇಪಿಯರ್ ಇವೆಲ್ಲ ಮನೆಯ ಹಸುವಿಗೆ, ನೀರಾವರಿ ಹೊಲಕ್ಕೆ. ಇಲ್ಲಿಗೆ ತರಬೇಡಿ.

ತೆನೆಗೆ ಮುಳ್ಳಿನಂಥ ಕೂದಲಿದ್ದು, ನಡೆದರೆ ಪಂಚೆಗೆ ಚುಚ್ಚಿಕೊಳ್ಳುವ ಹುಲ್ಲಿನ ವಿಷಯದಲ್ಲಿ ಕುರಿಗಾಹಿಗಳ ಮಾತು ಕೇಳಿ. ಅದು ನಮ್ಮ ನಾಡಿನದೇ ಹುಲ್ಲು, ಎಳೆಯದಿದ್ದಾಗ ಒಳ್ಳೆ ಮೇವು. ಆದರೆ ಬಲಿತ ಮೇಲೆ ಉಣ್ಣೆಗೆ, ಚರ್ಮಕ್ಕೆ ಚುಚ್ಚುತ್ತದೆ. ಕುರಿ ಓಡಾಡುವ ದಾರಿಯ ಪಕ್ಕ ಅದನ್ನು ಬಿತ್ತದಿದ್ದರೆ ಮನಸ್ತಾಪ ಇರುವುದಿಲ್ಲ.

ಬಿಡುವಿನ ವ್ಯವಸ್ಥೆ ಹೀಗಿರಲಿ: ಜಾಗವನ್ನು ಮೂರು ಭಾಗ ಮಾಡಿ, ಪ್ರತಿ ವರ್ಷ ಒಂದು ಭಾಗಕ್ಕೆ ಮಳೆಗಾಲ ಪೂರ್ತಿ ಬಿಡುವು. ತೆನೆ ಮಾಗಿ ಬೀಜ ಉದುರಿದ ಮೇಲೆ ಕುರಿಗೆ ತೆರೆಯಿರಿ. ಮಿಕ್ಕ ಹುಲ್ಲನ್ನು ಕೊಯ್ದು ಹೊತ್ತುಕೊಂಡು ಹೋಗುವ ಹಕ್ಕು ಯಾರಿಗೆ ಅಂತ ಒಪ್ಪಂದದಲ್ಲೇ ಬರೆದಿರುತ್ತದೆ. ಮೊದಲ ಸರದಿ ದನ ಇದ್ದೂ ಹೊಲ ಇಲ್ಲದ ಮನೆಗಳಿಗೆ ಸಿಗಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಂತ 7: ಪೊದೆ, ಮರ

ಎಲ್ಲಿ ನೆಡಬಾರದು ಅನ್ನುವುದನ್ನು ಮೊದಲು ತೀರ್ಮಾನಿಸಿ. ಕೃಷ್ಣಮೃಗ ಮೇಯುವ ಬಯಲು, ನೆಲಗುಬ್ಬಿ ಮೊಟ್ಟೆ ಇಡುವ ಬಯಲು ಹಾಗೇ ಇರಲಿ. ಮರ ಹಳ್ಳದ ದಂಡೆಗೆ, ಗೋಕಟ್ಟೆ ಏರಿಗೆ, ಗುಡ್ಡದ ಬುಡಕ್ಕೆ, ಬದುವಿಗೆ. ಅದೂ ಅಲ್ಲಲ್ಲಿ ಗುಂಪಾಗಿ, ಸಾಲಾಗಿ ಬೇಡ.

ಬದುವಿಗೆ ಮತ್ತು ಗುಡ್ಡದ ಬುಡಕ್ಕೆ ಕವಳೆ, ಕಾರೆ, ಬಾರೆ, ಬಂದರಿಕೆ, ತಂಗಡಿ. ಕಲ್ಲು ನೆಲಕ್ಕೆ ಕಮರ, ದಿಂಡಿಗ, ಕಗ್ಗಲಿ, ತುಗ್ಗಲಿ. ಎರೆ ನೆಲಕ್ಕೆ ಕರಿಜಾಲಿ, ಬಿಳಿಜಾಲಿ, ಬೇವು. ಹಳ್ಳಕ್ಕೆ ಹೊಂಗೆ, ಅತ್ತಿ, ಮುತ್ತುಗ. ಆಲ, ಬಸರಿ, ಗೋಣಿ ಒಂದೊಂದು ಇದ್ದರೂ ಸಾಕು, ಅವುಗಳ ಹಣ್ಣಿಗೆ ಬರುವ ಹಕ್ಕಿಗಳು ಮಿಕ್ಕ ಬೀಜ ತಂದು ಹಾಕುತ್ತವೆ. ನೀಲಗಿರಿ, ಅಕೇಶಿಯ ಬೇಡವೇ ಬೇಡ. ರಾಜ್ಯ ಸರ್ಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ.

ಬೇವಿನ ಬೀಜ ಬಿದ್ದ ಕೆಲವೇ ವಾರದಲ್ಲಿ ಬಿತ್ತಬೇಕು, ಇಟ್ಟರೆ ಸಾಯುತ್ತದೆ. ಜಾಲಿ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಲ್ಲಿ ಹಾಕಿ ಒಂದು ರಾತ್ರಿ ನೆನೆಸಿ. ಮೇಕೆ ರೊಪ್ಪದಲ್ಲಿ ಗುಡಿಸಿ ಸಿಗುವ ಕರಿಜಾಲಿ ಬೀಜ ಇನ್ನೂ ಚೆನ್ನಾಗಿ ಹುಟ್ಟುತ್ತದೆ. ಆದರೆ ಅದರಲ್ಲಿ ಬಳ್ಳಾರಿ ಜಾಲಿ ಬೀಜ ಸೇರಿಲ್ಲ ಅಂತ ನೋಡಿಕೊಳ್ಳಿ.

ನೆಡುವ ಸಮಯದ ಬಗ್ಗೆ ಒಂದು ಮಾತು. ಪರಿಸರ ದಿನ ಅಂತ ಜೂನ್ 5ಕ್ಕೆ ನೆಡುವುದು ರೂಢಿ. ಚನ್ನಗಿರಿ, ಹೊಳಲ್ಕೆರೆ ಕಡೆಗೆ ಅದು ನಡೆಯಬಹುದು. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಜೂನ್, ಜುಲೈ ಗಾಳಿಯ ತಿಂಗಳು. ಮೋಡ ಓಡುತ್ತದೆ, ಮಳೆ ಬೀಳುವುದಿಲ್ಲ. ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಹಾಗಾಗಿ ಭರಣಿ, ಕೃತ್ತಿಕೆ ಮಳೆಗೆ (ಏಪ್ರಿಲ್ ಕೊನೆ, ಮೇ) ಗುಂಡಿ ಮತ್ತು ಕಲ್ಲುಬದು ಮುಗಿಸಿ, ಸಸಿಯನ್ನು ಮಖ, ಹುಬ್ಬೆ ಮಳೆ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ನೋಡಿಕೊಂಡು ನೆಡಿ. ಉತ್ತರೆ, ಹಸ್ತ, ಚಿತ್ತೆ ಮೂರೂ ಅದಕ್ಕೆ ಸಿಗುತ್ತವೆ. ಗುಂಡಿ ಒಂದೂವರೆ ಅಡಿ ಸಾಕು. ಬುಡಕ್ಕೆ ಇಳಿಜಾರಿನ ಕೆಳಬದಿಯಲ್ಲಿ ಅರ್ಧಚಂದ್ರದ ಕಟ್ಟೆ, ಮೇಲೆ ಒಣಹುಲ್ಲಿನ ಹೊದಿಕೆ, ಸುತ್ತ ಮುಳ್ಳು. ಮೊದಲ ಬೇಸಿಗೆ ಒಂದಕ್ಕೆ ನೀರು ಹಾಕುವ ವ್ಯವಸ್ಥೆ ಇರುವಷ್ಟೇ ಸಸಿ ನೆಡಿ, ಜಾಸ್ತಿ ಬೇಡ.

ಖಾಸಗಿ ಜಮೀನಿನಲ್ಲಿ ನೆಡುವವರು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಹೆಸರು ಕೊಡಿ. ಸಸಿ ಕಡಿಮೆ ಬೆಲೆಗೆ ಸಿಗುತ್ತದೆ, ಬದುಕಿ ಉಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವೂ ಬರುತ್ತದೆ. ನರ್ಸರಿಯವರಿಗೆ ನಾಟಿ ಜಾತಿ ಬೇಕು ಅಂತ ಹಿಂದಿನ ವರ್ಷವೇ ಹೇಳಿಡಬೇಕು.

ಹಂತ 8: ಸಾಯುವ ಜಾಗಗಳನ್ನು ಸರಿಪಡಿಸಿ

ನೆಲೆ ಮಾಡಿಕೊಟ್ಟು, ಅದರ ಪಕ್ಕದಲ್ಲೇ ಬಲೆ ಇಟ್ಟಂತೆ ಆಗಬಾರದು.

ಕಟ್ಟೆಯಿಲ್ಲದ ಹಳೆ ತೆರೆದ ಬಾವಿಗಳಿಗೆ ರಾತ್ರಿ ಪ್ರಾಣಿ ಬೀಳುತ್ತದೆ. ಸುತ್ತ ಮೂರಡಿ ಕಟ್ಟೆ ಕಟ್ಟಿ, ಆಗದಿದ್ದರೆ ಒತ್ತಾಗಿ ಕಲ್ಲು, ಮುಳ್ಳು ಇಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ ಇನ್ನೂ ಅಪಾಯ. ನೀರು ಕುಡಿಯಲು ಇಳಿದ ನರಿ, ಜಿಂಕೆಮರಿಗೆ ಜಾರುವ ಹಾಳೆ ಹತ್ತಲು ಆಗುವುದಿಲ್ಲ. ಗೊರಸು ಜಾರಿದ ಗೀರು ಹಾಳೆಯ ಮೇಲೆ ಉದ್ದುದ್ದ ಬಿದ್ದಿರುತ್ತದೆ. ಇದಕ್ಕೆ ಖರ್ಚು ಬಹಳ ಇಲ್ಲ. ದಪ್ಪ ಹಗ್ಗದ ಬಲೆಯನ್ನೋ, ಗೋಣಿಚೀಲಗಳನ್ನು ಹೊಲಿದು ಮಾಡಿದ ಪಟ್ಟಿಯನ್ನೋ ಮೇಲಿನ ಗೂಟಕ್ಕೆ ಕಟ್ಟಿ ನೀರಿನ ತಳದವರೆಗೆ ಇಳಿಬಿಡಿ. ಎರಡು ಮೂಲೆಗೆ ಎರಡು. ಮಕ್ಕಳು ಬಿದ್ದರೂ ಅದೇ ಜೀವ ಉಳಿಸುತ್ತದೆ.

ಬೇಲಿಗೆ ಲೈನಿನಿಂದ ಕರೆಂಟ್ ಕೊಡುವುದು ಅಪರಾಧ, ಜನರೂ ಸಾಯುತ್ತಾರೆ. ಉರುಳು, ಸಿಡಿಮದ್ದು ಇಡುವವರನ್ನು ಊರೇ ಕೂರಿಸಿ ತಡೆಯಬೇಕು. ಊರನಾಯಿಗಳ ಹಿಂಡು ಮೊಲ, ಕೊಂಡುಕುರಿಯನ್ನು ಅಟ್ಟಾಡಿಸಿ ಕೊಲ್ಲುತ್ತದೆ. ಸತ್ತ ದನ, ಕೋಳಿ ತ್ಯಾಜ್ಯವನ್ನು ಹಳ್ಳಕ್ಕೆ ಎಸೆಯುವುದು ನಿಂತರೆ ನಾಯಿ ಆ ಕಡೆ ಹೋಗುವುದೂ ಕಡಿಮೆಯಾಗುತ್ತದೆ. ಕುಡಿಯುವ ನೀರಿಗೆ ಹೊಸ ಸಿಮೆಂಟ್ ತೊಟ್ಟಿಗಿಂತ ಹಳೆ ಗೋಕಟ್ಟೆಯ ಹೂಳೆತ್ತುವುದು ಮೇಲು. ಒಂದು ಬದಿ ಇಳಿಜಾರು ಬಿಡಿ, ಗೋಕಟ್ಟೆಯ ಸುತ್ತ ಸ್ವಲ್ಪ ಬಯಲಿರಲಿ.

ಹಂತ 9: ಬೆಂಕಿ

ಜನವರಿಯಿಂದ ಮೊದಲ ಮಳೆವರೆಗೆ ಬೆಂಕಿಯ ಭಯ. ಪಟ್ಟಿಯ ಸುತ್ತ ಹತ್ತು ಹನ್ನೆರಡು ಅಡಿ ಅಗಲ ಹುಲ್ಲು ಕೊಯ್ದು ಬೆಂಕಿಗೆರೆ ಮಾಡಿ. ಆ ಹುಲ್ಲೂ ಮೇವಿಗೇ ಹೋಗಲಿ. ಬದು ಸುಡುವ ಅಭ್ಯಾಸ ಇರುವವರಿಗೆ ಮುಂಚೆಯೇ ಹೇಳಿ. ಬೆಂಕಿ ಕಂಡರೆ ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಪಟ್ಟಿ ಗೋಡೆ ಮೇಲಿರಲಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಹಂತ 10: ಬೆಳೆ ನಷ್ಟ

ಹಂದಿ, ನವಿಲು, ಕೃಷ್ಣಮೃಗ ಬೆಳೆ ತಿನ್ನುತ್ತವೆ. ತೋಳ ಕುರಿ ಹಿಡಿಯುತ್ತದೆ. ಇದನ್ನು ಮೊದಲ ದಿನವೇ ಹೇಳದೆ ಜನರನ್ನು ಸೇರಿಸಿಕೊಂಡರೆ ಅದು ಮೋಸ. ಪಟ್ಟಿಗೆ ತಾಗಿದ ಸಾಲುಗಳಲ್ಲಿ ಶೇಂಗಾ, ಮೆಕ್ಕೆಜೋಳದ ಬದಲು ಹರಳು, ಎಳ್ಳು, ಹುಚ್ಚೆಳ್ಳು ಹಾಕಿ. ಹಿಂಗಾರಿ ಜೋಳಕ್ಕೆ ಮುಳ್ಳಿನ ಕುಸುಬೆಯ ಅಂಚು ಹಾಕುವುದು ನಮ್ಮ ಹಿರಿಯರೇ ಕಂಡುಕೊಂಡ ದಾರಿ.

ನಷ್ಟ ಆದ ದಿನವೇ ಫೋಟೊ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಬೇಕು. ಇದು ಇಲಾಖೆಯ ಆನ್‌ಲೈನ್ ಇ-ಪರಿಹಾರ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಇದಕ್ಕೆ ಗುಂಪಿನಲ್ಲಿ ಒಬ್ಬ ಓದಿದ ಹುಡುಗನನ್ನೋ ಹುಡುಗಿಯನ್ನೋ ಖಾಯಂ ಆಗಿ ನೇಮಿಸಿ. ವಯಸ್ಸಾದ ರೈತರು ಕಚೇರಿಗೆ ಅಲೆಯುವಂತಾದರೆ ಎರಡನೇ ವರ್ಷಕ್ಕೆ ಅವರು ಬದು ಸುಡುತ್ತಾರೆ. ಅವರ ತಪ್ಪೇನೂ ಅದರಲ್ಲಿ ಇರುವುದಿಲ್ಲ. ಪರಿಹಾರ ಬರುವವರೆಗೆ ಕೈಗಡ ಕೊಡಲು ಗುಂಪಿನದೇ ಒಂದು ಸಣ್ಣ ನಿಧಿ ಇದ್ದರೆ ಒಪ್ಪಂದ ಗಟ್ಟಿಯಾಗಿ ನಿಲ್ಲುತ್ತದೆ. ಹುಲ್ಲು ಹರಾಜಿನ ಹಣ ಅದಕ್ಕೆ ಹೋಗಲಿ.

ಹಂತ 11: ಬದಲಾವಣೆ ಅಳೆಯುವುದು

ನಾಲ್ಕೈದು ಕಡೆ ಕಲ್ಲು ನೆಟ್ಟು ಬಣ್ಣ ಹಚ್ಚಿ. ಪ್ರತಿ ವರ್ಷ ಅದೇ ತಿಂಗಳು, ಅದೇ ಕಲ್ಲಿನ ಪಕ್ಕ ನಿಂತು, ಅದೇ ದಿಕ್ಕಿಗೆ ಫೋಟೊ ತೆಗೆಯಿರಿ. ಹಗ್ಗದಲ್ಲಿ ಒಂದು ಮೀಟರ್ ಚೌಕ ಮಾಡಿ ಅದರೊಳಗೆ ಎಷ್ಟು ಜಾತಿ ಹುಲ್ಲು, ಎಷ್ಟು ಭಾಗ ಬೋಳು ಅಂತ ಬರೆಯಿರಿ. ಬೆಳಗ್ಗೆ ಕಾಲು ಗಂಟೆ ನಿಂತು ಕಂಡ, ಕೇಳಿದ ಹಕ್ಕಿಗಳ ಪಟ್ಟಿ ಮಾಡಿ, ಶಾಲೆ ಮಕ್ಕಳು ಇದನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ಗೋಕಟ್ಟೆ ಇಳಿಜಾರಿನಲ್ಲಿ ಸಂಜೆ ಮರಳು ಹರಡಿ ಸಮ ಮಾಡಿದರೆ ಬೆಳಗ್ಗೆ ಯಾರು ಬಂದಿದ್ದರು ಅಂತ ಹೆಜ್ಜೆ ಹೇಳುತ್ತದೆ. ಈ ಎಲ್ಲವೂ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಲಿ.

ತೋಳದ ಬಿಲ, ನರಿಯ ಬಿಲ, ಗೂಡು ಇರುವ ಜಾಗವನ್ನು ಮಾತ್ರ ವಾಟ್ಸಾಪಿಗೆ ಹಾಕಬೇಡಿ. ಫೋಟೊ ತೆಗೆಯಲು ಬರುವವರಿಂದಲೇ ತಾಯಿ ಮರಿ ಬಿಟ್ಟು ಹೋಗುತ್ತದೆ.

ಮೊದಲ ವರ್ಷದ ಕೊನೆಗೆ ಕಾಣುವುದು ಹುಲ್ಲು ಮತ್ತು ಮಿಡತೆ. ಎರಡನೇ ವರ್ಷ ಗೌಜಲು, ಬುರ್ಲಿ, ಮೊಲ ಜಾಸ್ತಿಯಾಗಬಹುದು. ದೊಡ್ಡ ಪ್ರಾಣಿ ಬರುವುದು ಅಕ್ಕಪಕ್ಕದ ಗುಡ್ಡದಲ್ಲಿ ಅದು ಉಳಿದಿದ್ದರೆ, ದಾರಿ ಕೂಡಿದ್ದರೆ ಮಾತ್ರ. ಹಾಗಾಗಿ ಮೂರನೇ ವರ್ಷ ಹೊಸ ಸಸಿಗೆ ಹಣ ಹುಡುಕುವ ಬದಲು ನಿಮ್ಮ ಪಟ್ಟಿ ಮುಗಿಯುವ ಗಡಿಯಲ್ಲಿರುವ ಮುಂದಿನ ಊರಿಗೆ ಹೋಗಿ, ನಕ್ಷೆ ಬಿಚ್ಚಿ, ಅಲ್ಲಿನ ಕುರಿಗಾಹಿಗಳ ಜೊತೆ ಮೊದಲ ನಡಿಗೆ ಶುರು ಮಾಡಿ.